ಎರಡು ಪಾಳಿಯ ಕಾಕಾ

ವೃದ್ಧಾಶ್ರಮದಲ್ಲಿರುವ ಹಿರಿಯರಿಗೆ ಹೊತ್ತೇ ಹೋಗುವುದಿಲ್ಲ ಎಂದು ಎಲ್ಲರೂ ಮರುಗುತ್ತಾರೆ. ಅವರೊಮ್ಮೆ ನಮ್ಮ ಗಡಹಿಂಗ್ಲಜದ ಆಶ್ರಮಕ್ಕೆ ಬಂದು ನೋಡಬೇಕು. ಇಲ್ಲಿಯ ಇಪ್ಪತ್ತೆಂಟು ಜನ ಅಜ್ಜ-ಅಜ್ಜಿಯರು, ನಮ್ಮನ್ನು ಒಂದು ಗಳಿಗೆ ಸುಮ್ಮನೆ ಕೂರಲು ಬಿಡಪ್ಪಾ ಎಂದು ಕೈಮುಗಿದು ಬೇಡಿಕೊಂಡ ಕಾಲವೊಂದಿತ್ತು. ಯಾರನ್ನು ಬೇಡಿಕೊಂಡರು? ದೇವರನ್ನಲ್ಲ, ನಮ್ಮ ಕಾಕಾನನ್ನು! ನಿವೃತ್ತಿಯಾದವರನ್ನು ಹಿಡಿದು ಮತ್ತೆ ನೌಕರಿಗೆ ಹಚ್ಚಿದ, ಅದೂ ಮನರಂಜನೆಯ ನೌಕರಿಗೆ ಹಚ್ಚಿದ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲಿದ್ದರೆ ನನಗೆ ತೋರಿಸಿ. ಬಸ್ ಸ್ಟ್ಯಾಂಡಿನ ಎದುರಿನ ನನ್ನ ಅರಿವೆ ಅಂಗಡಿಯ ಕೀಲಿಕೈಯನ್ನು ನಿಮ್ಮ ಕೈಗೆ ಕೊಟ್ಟುಬಿಡುತ್ತೇನೆ.

ಕಾಕಾ ಎಂದರೆ ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ. ಇಚಲಕರಂಜಿಗೆ ಅಂಟಿಕೊಂಡ ಕಬನೂರಿನ ಒಂದು ಮಗ್ಗದ ಶೆಡ್ಡಿನಲ್ಲಿ ನಲವತ್ತು ವರ್ಷ ಜಾಬರ್ ಆಗಿದ್ದವನು. ಜಾಬರ್ ಎಂದರೆ ಮಗ್ಗಗಳ ಡಾಕ್ಟರು. ಓಡುತ್ತಿದ್ದ ಮಗ್ಗ ನಿಂತಿತೆಂದರೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಅದರ ಹೊಟ್ಟೆಯೊಳಗೆ ಕೈಹಾಕಿ ಮತ್ತೆ ಓಡಿಸುವವನು. ಅಷ್ಟೊಂದು ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಅಷ್ಟು ವರ್ಷ ಕಳೆದದ್ದರಿಂದ ಕಾಕಾನ ಕಿವಿಗಳು ಈಗ ಕಾಯಂ ರಜೆಯ ಮೇಲಿವೆ. ತನಗೆ ಕೇಳಿಸುವುದಿಲ್ಲ ಅಂದಮೇಲೆ ಊರಿಗೂ ಕೇಳಿಸುವುದಿಲ್ಲ ಎಂಬುದು ಆತನ ಗಟ್ಟಿ ನಂಬಿಕೆ. ಹೀಗಾಗಿ ಕಾಕಾ ಗುಟ್ಟು ಹೇಳಿದರೆ ಸಂಕೇಶ್ವರದವರೆಗೆ ಮುಟ್ಟುತ್ತದೆ. ನಾನು ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನ ಎದುರಿಗೇ ಕೂತು ನನ್ನ ಕಿವಿಯಲ್ಲಿ, "ಹುಡುಗಿ ಚಲೋ ಅದಾಳ, ಮಾವ ಮಾತ್ರ ಜಿಪುಣ ಕಾಣ್ತಾನ" ಎಂದು ಪಿಸುಗುಟ್ಟಿದ. ಒಳಗೆ ಚಹಾ ಸೋಸುತ್ತಿದ್ದವರು ಸೋಸುವುದನ್ನು ಬಿಟ್ಟು ಹೊರಗೆ ಬಂದು ನೋಡಿದರು. ಮಾವ ಆ ಹಟಕ್ಕೆ ಬಿದ್ದು ಮದುವೆಯಲ್ಲಿ ಎರಡು ಸಿಹಿ ಹೆಚ್ಚಿಗೆ ಮಾಡಿಸಿದರು, ಅದು ಬೇರೆ ಮಾತು.

ಶೆಡ್ಡಿನೊಳಗೆ ಬಾಯಿಯಿಂದ ಬಂದ ಮಾತು ಮೂಗು ದಾಟುವುದಿಲ್ಲ. ಅಲ್ಲಿ ಎಲ್ಲರೂ ಕೈಯಿಂದ ಮಾತಾಡುತ್ತಾರೆ. ಬೆರಳನ್ನು ಗಾಳಿಯಲ್ಲಿ ಸುತ್ತಿದರೆ ನೂಲು ಮುಗಿಯಿತು ಎಂದರ್ಥ. ಅಂಗೈ ಎತ್ತಿ ತಿರುವಿದರೆ ಮಗ್ಗ ನಿಂತಿದೆ, ಬಾ. ಐದೂ ಬೆರಳು ಕೂಡಿಸಿ ಬಾಯಿಗೆ ಮುಟ್ಟಿಸಿ ಕೈ ಮಗುಚಿದರೆ, ಉಂಡೆಯಾ? ಇದನ್ನು ಕಾಕಾನಿಗೆ ದಿನಾ ಅರ್ಧ ಪಾಳಿಗೆ ಕೇಳುತ್ತಿದ್ದವಳು ಶೆಡ್ಡಿನ ಮೂಲೆಯಲ್ಲಿ ಕಾಂಡಿ ಸುತ್ತುವ ಒಬ್ಬ ಹುಡುಗಿ. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ದಿನಾ ಉಂಡೆಯಾ ಉಂಡೆಯಾ ಎಂದು ಕೇಳಿಸಿಕೊಂಡು ಸಾಕಾಗಿ, ಕಾಕಾ ಒಂದು ದಿನ ನೀನೇ ಬಡಿಸು ಎಂದು ಕೈಸನ್ನೆ ಮಾಡಿದನಂತೆ. ಹಾಗೆ ಆ ಹುಡುಗಿ ನಮ್ಮ ಕಾಕೂ ಆದಳು. ಒಂದೇ ಒಂದು ಮಾತಿಲ್ಲದೆ ನಿಶ್ಚಯವಾದ ಮದುವೆ ನಮ್ಮ ಮನೆತನದಲ್ಲಿ ಅದೊಂದೇ.

ಮದುವೆಯ ನಂತರವೂ ಅವರ ಸಂಸಾರ ಕೈಯಲ್ಲೇ ನಡೆಯಿತು. ಕಾಕಾನಿಗೆ ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ಮೂರ್ಖಳಲ್ಲ ಕಾಕೂ. ಆಕೆ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಬೈಯುತ್ತಿದ್ದಳು. ಹಣೆ ಬಡಿದುಕೊಂಡು, ಖಾಲಿ ಚೀಲ ತೋರಿಸಿ, ಸಂತೆಯ ದಿಕ್ಕಿಗೆ ಬೆರಳು ಚಾಚಿ, ಕೊನೆಗೆ ಆಕಾಶಕ್ಕೆ ಕೈ ಮುಗಿದರೆ ಒಂದು ಇಡೀ ಬೈಗಳು ಮುಗಿಯಿತು. ಶಾಲೆಯ ಸುಟ್ಟಿಯಲ್ಲಿ ಅವರ ಮನೆಗೆ ಹೋದಾಗ ನಾವು ಮಕ್ಕಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತು ಈ ಬೈಗಳನ್ನು ನೋಡುತ್ತಿದ್ದೆವು.

ಮೂರು ವರ್ಷದ ಹಿಂದೆ ಕಾಕೂನ ನೆನಪು ಕೈಕೊಡತೊಡಗಿತು. ಮೊದಲು ಉಪ್ಪು ಹಾಕಿದ್ದನ್ನು ಮರೆತಳು, ಆಮೇಲೆ ಮಗಳ ಹೆಸರು, ಆಮೇಲೆ ಕಾಕಾನ ಮುಖ. ಯಾವುದೋ ಗಳಿಗೆಯಲ್ಲಿ ಮನೆಯಿಂದ ಹೊರಟುಬಿಡುತ್ತಿದ್ದಳು. ಸಾಂಗಲಿಯಲ್ಲಿರುವ ಮಗಳು ಇಬ್ಬರನ್ನೂ ಕರೆದುಕೊಂಡು ಹೋದಳು, ಆದರೆ ಮೂರನೇ ಮಹಡಿಯ ಮನೆಯಲ್ಲಿ ಕಾಕೂನನ್ನು ಕಾಯುವುದು ಆಗಲಿಲ್ಲ. ನರ್ಸುಗಳಿರುವ ಜಾಗ ಬೇಕು ಎಂದು ಡಾಕ್ಟರು ಹೇಳಿದರು. ನಾನು ಇದೇ ಊರಲ್ಲಿದ್ದೇನೆಂಬ ಧೈರ್ಯಕ್ಕೆ ಕಾಕೂನನ್ನು ಈ ಆಶ್ರಮಕ್ಕೆ ಕರೆತಂದೆವು. ಬಿಟ್ಟುಹೋಗಲು ಬಂದ ಕಾಕಾನ ಕೈಯಲ್ಲೂ ಒಂದು ಟ್ರಂಕಿತ್ತು. ಹಲ್ಲು ಗಟ್ಟಿ, ಕಾಲು ಗಟ್ಟಿ, ಊಟಕ್ಕೆ ಮೂರು ರೊಟ್ಟಿ ಅರಗಿಸುವ ಈ ಮನುಷ್ಯನನ್ನು ಯಾವ ಕಾಯಿಲೆಯ ಹೆಸರಲ್ಲಿ ಸೇರಿಸಿಕೊಳ್ಳುವುದು ಎಂದು ಅಲ್ಲಿಯ ಮ್ಯಾನೇಜರ್ ಹೆಣ್ಣುಮಗಳಿಗೆ, ನಾವೆಲ್ಲ ಗೌರವದಿಂದ ಬಾಯಿ ಎಂದು ಕರೆಯುವವರಿಗೆ, ತಿಳಿಯಲಿಲ್ಲ. ಕೊನೆಗೆ "ಕಿವುಡು" ಎಂದು ಬರೆದುಕೊಂಡರು.

ಮೊದಲ ವಾರ ಕಾಕಾ ತಣ್ಣಗಿದ್ದ. ಒಂದು ಮಧ್ಯಾಹ್ನ ನಾನು ಹೋದಾಗ ಕಾಕೂನ ಪಕ್ಕದಲ್ಲಿ ಕೂತು ಆಕೆಯ ಕೈಗಳನ್ನೇ ನೋಡುತ್ತಿದ್ದ. ಅವು ಆಕೆಯ ಮಡಿಲಲ್ಲಿ ಬಿದ್ದುಕೊಂಡಿದ್ದವು.

"ಮಾತ ಹೋದ್ರ ಹೋಗ್ಲಿ ತಮ್ಮಾ, ನನಗ ಹೆಂಗೂ ಕೇಳಸೂದಿಲ್ಲ" ಅಂದ. "ಆದ್ರ ಕೈ ನೋಡ. ಬಂದ್ ಬಿದ್ದಾವು. ಬಂದ್ ಬಿದ್ದ ಮಗ್ಗಾ ಚಾಲೂ ಮಾಡದ ನಾ ಯಾವತ್ತೂ ಪಾಳಿ ಬಿಟ್ಟು ಮನಿಗೆ ಹೋಗಿಲ್ಲ."

ಡಾಕ್ಟರು ಹೇಳಿದ್ದು ಇಷ್ಟೇ: ಆಕೆಯ ಸುತ್ತ ಜನ ಇರಲಿ, ಗದ್ದಲ ಇರಲಿ, ಏನಾದರೂ ನಡೆಯುತ್ತಿರಲಿ. ಡಾಕ್ಟರಿಗೆ ನಮ್ಮ ಕಾಕಾನ ಪರಿಚಯವಿರಲಿಲ್ಲ ಪಾಪ. ಇದ್ದಿದ್ದರೆ ಗದ್ದಲ ಎಂಬ ಶಬ್ದ ಅವರ ಬಾಯಿಂದ ಬರುತ್ತಿರಲಿಲ್ಲ.

ಮರುದಿನವೇ ಕಾಕಾ ನನ್ನ ಅಂಗಡಿಯಿಂದ ಸೀರೆ ಡಬ್ಬಿಯ ರಟ್ಟು ಒಯ್ದು ಟೈಂಟೇಬಲ್ ಬರೆದ. ಮಧ್ಯಾಹ್ನ ಎರಡರಿಂದ ನಾಲ್ಕು ಮನರಂಜನೆಯ ಮೊದಲ ಪಾಳಿ, ನಾಲ್ಕರಿಂದ ಆರು ಎರಡನೇ ಪಾಳಿ. ಯಾರು ಯಾವ ಪಾಳಿ ಎಂಬ ಯಾದಿ ಗೋಡೆಗೆ ಬಿತ್ತು. ಪಾಳಿ ಶುರುವಾಗಲು, ಮುಗಿಯಲು ಕಾಕಾ ತನ್ನ ಹಳೆಯ ಪಾನಾದಿಂದ ಊಟದ ತಾಟು ಬಡಿಯುತ್ತಿದ್ದ. ಕೆಟ್ಟ ಮಗ್ಗವಿಲ್ಲದಿದ್ದರೂ ಆ ಪಾನಾ ಯಾವಾಗಲೂ ಆತನ ಕಿಸೆಯಲ್ಲಿರುತ್ತದೆ. ತಪ್ಪಿಸಿದವರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಿತ್ತು. ರಜೆ ಬೇಕೆಂದರೆ? ಬೇಕಾದರೆ ತಗೊಳ್ಳಿ, ಆದರೆ ಬದಲಿ ಕೊಡಿ! ಶೆಡ್ಡಿನ ಕಾಯ್ದೆಯೇ ಅದು. ನೇಕಾರ ರಜೆ ಹಾಕಿದರೆ ತನ್ನ ಮಗ್ಗಕ್ಕೆ ಇನ್ನೊಬ್ಬ ನೇಕಾರನನ್ನು ನಿಲ್ಲಿಸಿ ಹೋಗಬೇಕು.

ಇದರಿಂದ ನಗುವ ತರಗತಿ ಏನಾಯಿತೆಂದು ಕೇಳಿ. ಎಲ್ಲರೂ ದುಂಡಗೆ ನಿಂತು ಕೈ ಮೇಲೆತ್ತಿ ಹಾ ಹಾ ಎಂದು ನಗಬೇಕು. ಅಕ್ಕಾತಾಯಿ ಎಂಬ ಜೈನರ ಅಜ್ಜಿಗೆ ಮೊಣಕಾಲು ನೋವು, ಮಲಗಬೇಕಿತ್ತು. ಬದಲಿಗೆ ಪಕ್ಕದ ಕೋಣೆಯ ಮಾಸ್ತರರನ್ನು ಕಳಿಸಿದರು. ಮಾಸ್ತರರು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳನ್ನು ನಗದಂತೆ ಕಾದವರು, ಇಲ್ಲ ಎನ್ನಲು ಬಾರದ ಸಂಭಾವಿತರು. ಅವರ ಈ ಗುಣ ತಿಳಿದದ್ದೇ ಮತ್ತಿಬ್ಬರೂ ಅವರನ್ನೇ ಬದಲಿಗೆ ಹಚ್ಚಿದರು. ಮಾಸ್ತರರು ಮೊದಲು ತಮ್ಮ ಪಾಲು ನಕ್ಕು, ಆಮೇಲೆ ಅಕ್ಕಾತಾಯಿಯ ಪಾಲು ಹೆಣ್ಣುದನಿಯಲ್ಲಿ ನಕ್ಕು, ಉಳಿದಿಬ್ಬರ ಪಾಲು ನಗುವಷ್ಟರಲ್ಲಿ ಕೆಮ್ಮು ಹತ್ತಿ ಕೂತುಬಿಟ್ಟರು. ಕಾಕಾ ಅವರಿಗೆ ನೀರು ಕೊಟ್ಟು, ಬೆನ್ನು ತಟ್ಟಿ, ಅರ್ಧ ನಗು ಬಾಕಿ ಎಂದು ರಟ್ಟಿನ ಮೇಲೆ ಬರೆದ.

ಹೌಸಿ ಆಟದ ದಿನ ಇನ್ನೂ ಮಜಾ. ಚೀಟಿಯ ಮೇಲಿನ ಅಂಕಿಗಳನ್ನು ಹೊಡೆಯುವ ಆ ಆಟದಲ್ಲಿ ಬಹುಮಾನ ಶೇಂಗಾ ಚಿಕ್ಕಿಯ ಒಂದು ಪಾಕೀಟು. ಆಡುವವರಲ್ಲಿ ಚಿಕ್ಕಿ ಕಡಿಯುವ ಹಲ್ಲಿದ್ದದ್ದು ಕಾಕಾನಿಗೊಬ್ಬನಿಗೇ, ಆದರೂ ಎಲ್ಲರಿಗೂ ಅದು ಬೇಕಾಗಿತ್ತು. ಮಾಸ್ತರರ ಚೀಟಿ ತುಂಬಲು ಒಂದೇ ಅಂಕಿ ಬಾಕಿ ಇತ್ತು. ಅಷ್ಟರಲ್ಲಿ ನಾಲ್ಕು ಬಡಿಯಿತು, ಕಾಕಾನ ತಾಟೂ ಬಡಿಯಿತು. ಶೆಡ್ಡಿನಲ್ಲಿ ಪಾಳಿ ಬದಲಾಗುವಾಗ ಮಗ್ಗ ನಿಲ್ಲಿಸುವುದಿಲ್ಲ, ಓಡುವ ಮಗ್ಗವನ್ನೇ ಮುಂದಿನವರ ಕೈಗೆ ಕೊಟ್ಟು ಹೋಗಬೇಕು. ಕಾಕಾ ಮಾಸ್ತರರ ಕೈಯಿಂದ ಚೀಟಿ ತೆಗೆದು ಎರಡನೇ ಪಾಳಿಯ ಅಕ್ಕಾತಾಯಿಗೆ ಕೊಟ್ಟ. ಮುಂದಿನ ಅಂಕಿಗೇ ಅಕ್ಕಾತಾಯಿ ಗೆದ್ದರು.

ಜೀವನದಲ್ಲಿ ಮೊದಲ ಸಲ ಮಾಸ್ತರರು ಇಲ್ಲ ಎಂದರು. ಅದೂ ಎಂಥ ಇಲ್ಲ! ಎರಡು ತಾಸು ಅಂಕಿ ಹೊಡೆದವನು ನಾನು, ಬಂದು ಕೂತ ಗಳಿಗೆಗೆ ಚಿಕ್ಕಿ ಈಕೆಗೆ ಹೇಗೆ ಎಂದು ಚಿಕ್ಕಿ ಪಾಕೀಟಿನ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿ ಅಕ್ಕಾತಾಯಿಯ ಕೈಯಲ್ಲಿತ್ತು. ಕಾಕಾ ತೀರ್ಪು ಕೊಟ್ಟ: "ಅರಿವಿ ಯಾವ ಪಾಳಿಯೊಳಗ ಮಗ್ಗದಿಂದ ಇಳೀತೈತಿ, ಆ ಪಾಳೀದು." ಮೂರು ದಿನ ಅವರಿಬ್ಬರೂ ಮಾತು ಬಿಟ್ಟರು. ನಾಲ್ಕನೇ ದಿನ ಅಕ್ಕಾತಾಯಿ ಆ ಚಿಕ್ಕಿಯನ್ನು ಒರಳಲ್ಲಿ ಕುಟ್ಟಿಸಿ, ಪುಡಿ ಮಾಡಿ, ಅರ್ಧ ಬಟ್ಟಲು ಮಾಸ್ತರರಿಗೆ ಕಳಿಸಿದರು.

ಈ ಎಲ್ಲ ಗದ್ದಲದಲ್ಲೂ ಕಾಕೂ ಕಾಕಾನ ಬಲಗಡೆ ಒಂದು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಕಾಕಾ ಆಕೆಯ ಕೈಗೂ ಒಂದು ಚೀಟಿ ಕೊಡುತ್ತಿದ್ದ, ಒಂದು ಪೆನ್ಸಿಲ್ ಕೊಡುತ್ತಿದ್ದ. ಅವು ಉರುಳಿ ನೆಲಕ್ಕೆ ಬೀಳುತ್ತಿದ್ದವು. ಕಾಕಾ ಎತ್ತಿ ಮತ್ತೆ ಕೊಡುತ್ತಿದ್ದ. ಸಂಜೆ ಪಾಳಿ ಮುಗಿದ ಮೇಲೆ ನನ್ನತ್ತ ನೋಡಿ ತಲೆ ಅಲ್ಲಾಡಿಸುತ್ತಿದ್ದ.

ಆಮೇಲೆ ಬಂತು ಬೆಳದಿಂಗಳ ಊಟ. ಅಂಗಳದಲ್ಲಿ ಹುಣ್ಣಿಮೆಯ ರಾತ್ರಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಕಾಕಾ ಡಂಗುರ ಸಾರಿದ, ಅಡುಗೆಯವರು ತಯಾರಾದರು, ಮ್ಯಾನೇಜರ್ ಬಾಯಿ ಕೂಡ ಅಪರೂಪಕ್ಕೆ ಹೂಂ ಅಂದರು. ಎಲ್ಲ ನಿಶ್ಚಯವಾದ ಮೇಲೆ ಅಕ್ಕಾತಾಯಿ ಮೆಲ್ಲಗೆ ಕೇಳಿದರು, ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದು ಹೇಗೆ ಎಂದು. ಆಶ್ರಮದಲ್ಲಿ ಜೈನರೇ ಒಂಬತ್ತು ಜನ! ಸೂರ್ಯ ಮುಳುಗಿದರೆ ಅವರು ಅನ್ನದ ಅಗುಳು ಮುಟ್ಟುವುದಿಲ್ಲ. ನಲವತ್ತು ವರ್ಷ ಜೈನರ ಓಣಿಯಲ್ಲೇ ಬಾಡಿಗೆಗಿದ್ದು, ಅವರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಒಲೆ ಆರುವುದನ್ನು ದಿನಾ ನೋಡಿದ ಮನುಷ್ಯ ಇದನ್ನು ಮರೆತಿದ್ದ. ಅವರನ್ನು ಬಿಟ್ಟು ಉಣ್ಣೋಣ ಎಂದು ಯಾರೋ ಅಂದರು. ಕಾಕಾ ಒಪ್ಪಲಿಲ್ಲ. ಒಂಬತ್ತು ಜನರನ್ನು ಕೋಣೆಯಲ್ಲಿ ಕೂಡಿಸಿ ಉಂಡ ಊಟ ಮೈಗೆ ಹತ್ತುತ್ತದೆಯೇ ಎಂದ. ಹಾಗಾದರೆ ಊಟವನ್ನು ಹಿಂದಕ್ಕೆ ತರಬೇಕು. ಊಟದ ಜೊತೆ ಬೆಳದಿಂಗಳನ್ನೂ ತರಬೇಕು.

ತಂದ! ಮಧ್ಯಾಹ್ನ ನಾಲ್ಕೂವರೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಅಂಗಳದ ಬೇವಿನ ಟೊಂಗೆಗೆ ಹಿಟ್ಟು ಕಲಸುವ ದೊಡ್ಡ ಸ್ಟೀಲಿನ ಪರಾತ ನೇತಾಡುತ್ತಿತ್ತು. ಅದೇ ಚಂದ್ರ. ಕಾಕಾ ಅದರ ಕೆಳಗೆ ನಿಂತು, ಆಹಾ ಎಂಥ ತಂಪು ಬೆಳದಿಂಗಳು ಎಂದು ಎಲ್ಲರಿಂದ ಹೇಳಿಸಿದ. ಪರಾತಕ್ಕೆ ಬಡಿದ ಬಿಸಿಲು ನೇರ ಮಾಸ್ತರರ ಕಣ್ಣಿಗೆ ಬೀಳುತ್ತಿತ್ತು. ಅವರು ತಂಪು ಎನ್ನುತ್ತ ಎನ್ನುತ್ತ ಟವೆಲ್ಲು ಮುಸುಕು ಹಾಕಿಕೊಂಡರು. ಎರಡನೇ ರೊಟ್ಟಿ ಬಡಿಸುವ ಹೊತ್ತಿಗೆ ಗಾಳಿ ಬೀಸಿ ಚಂದ್ರ ದಾರ ಹರಿದುಕೊಂಡು ಮೊಸರಿನ ಪಾತ್ರೆಯ ಮೇಲೆ ಬಿದ್ದ. ಎಲ್ಲರೂ ಬೆಚ್ಚಿಬಿದ್ದರು. ಅಕ್ಕಾತಾಯಿ ತಾಟು ಸರಿಸಿ ಕೈ ಕಟ್ಟಿ ಕೂತರು.

"ಚಂದ್ರಗ ಗ್ರಹಣ ಹಿಡೀತಲ್ರಿ" ಅಂದರು. "ಬಿಡೂತನಕ ಉಣ್ಣೂದು ಹೆಂಗ?"

ಇಡೀ ಅಂಗಳವೇ ಬದಲಿ ಇಲ್ಲದೆ ನಕ್ಕ ಮೊದಲ ದಿನ ಅದು. ಮೈಮೇಲೆಲ್ಲ ಮೊಸರು ಸಿಡಿದಿದ್ದ ಮ್ಯಾನೇಜರ್ ಬಾಯಿ ಮಾತ್ರ ನಗಲಿಲ್ಲ. ಕಾಕೂ ಕೂಡ ನಗಲಿಲ್ಲ. ಆಕೆಯ ಕೈಯಲ್ಲಿ ಕಾಕಾ ಇಟ್ಟ ರೊಟ್ಟಿಯ ತುಣುಕು ಹಾಗೆಯೇ ಇತ್ತು.

ಬಾಯಿಯ ತಾಳ್ಮೆ ಮುಗಿದದ್ದು ಬಸ್ ಸ್ಟ್ಯಾಂಡ್ ಸಹಲಿನಲ್ಲಿ. ಸಹಲ್ ಎಂದರೆ ಪ್ರವಾಸ. ಬೇರೆ ಆಶ್ರಮದವರು ಹಿರಿಯರನ್ನು ತೀರ್ಥಕ್ಷೇತ್ರಕ್ಕೆ ಒಯ್ಯುತ್ತಾರೆ, ಕಾಕಾ ಹತ್ತು ಜನರನ್ನು ಕಟ್ಟಿಕೊಂಡು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿಗೆ ಒಯ್ದ. ಊರಿಗೆ ಹೋಗುವುದಕ್ಕಲ್ಲ, ಸುಮ್ಮನೆ ಕೂರುವುದಕ್ಕೆ. ಇದರಷ್ಟು ಮಜಾ ಎಲ್ಲಿದೆ ಹೇಳಿ? ಬೆಂಚಿನ ಮೇಲೆ ಸಾಲಾಗಿ ಕೂತು, ಮೊದಲು ಆಜರಾ ಬಸ್ಸು ಬರುತ್ತದೋ ಚಂದಗಡದ್ದೋ ಎಂದು ಪಂಥ ಕಟ್ಟಿದರು. ಯಾರ ಸೊಸೆ ತವರಿಗೆ ಹೊರಟಳು, ಯಾರು ಜಗಳ ಮಾಡಿಕೊಂಡು ಬಂದರು ಎಂದು ಮುಖ ನೋಡಿ ತೀರ್ಮಾನಿಸಿದರು. ಕಾಕೂನ ಕೈಗೆ ಕಾಕಾ ಒಂದು ಹಳೆಯ ತಿಕೀಟು ಕೊಟ್ಟಿದ್ದ. ನಾನು ಎದುರಿನ ಅಂಗಡಿಯಿಂದಲೇ ಎಲ್ಲರಿಗೂ ಚಹಾ ಕಳಿಸಿದೆ.

ತಿರುಗಿ ಹೊರಡುವಾಗ ಎಣಿಸಿದರೆ ಒಬ್ಬರು ಕಡಿಮೆ. ಮಾಸ್ತರರು! ಆಗಿದ್ದು ಇಷ್ಟೇ. ಕೊಲ್ಹಾಪುರದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು, ಬರ್ರಿ ಅಜ್ಜಾರ, ಜಾಗಾ ಐತಿ ಎಂದು ಕರೆದಿದ್ದ. ಅಷ್ಟು ಪ್ರೀತಿಯಿಂದ ಕರೆದವರಿಗೆ ಇಲ್ಲ ಎನ್ನುವುದು ಹೇಗೆ? ಚಿಕ್ಕಿಯ ದಿನ ಕಲಿತ ಇಲ್ಲ ಅವರಿಗೆ ಆಗಲೇ ಮರೆತುಹೋಗಿತ್ತು. ಹತ್ತಿ ಕೂತಿದ್ದರು. ನಾನು ಬೈಕು ಹತ್ತಿ ಅರ್ಧ ತಾಲೂಕು ಹುಡುಕಿದೆ. ಬಾಯಿ ಎಲ್ಲ ಕಡೆ ಫೋನು ಮಾಡಿ ಗಂಟಲು ಒಣಗಿಸಿಕೊಂಡರು. ಸಂಜೆ ಆರಕ್ಕೆ ಮಾಸ್ತರರು ಅದೇ ಕಂಡಕ್ಟರನ ಜೊತೆ ತಾವಾಗಿಯೇ ಇಳಿದರು. ಕೊಲ್ಹಾಪುರದಲ್ಲಿ ಮಿಸಳ್ ತಿಂದು ಬಂದಿದ್ದರು, ಹಲ್ಲಿಲ್ಲದ ಬಾಯಿ ಖಾರಕ್ಕೆ ಕೆಂಪಗಾಗಿತ್ತು. ಇಂಥ ಒಳ್ಳೆಯ ಕಾರ್ಯಕ್ರಮ ಮತ್ತೆ ಯಾವಾಗ ಎಂದು ಎಲ್ಲರೆದುರು ಕೇಳಿದರು.

ಮ್ಯಾನೇಜರ್ ಬಾಯಿ ಕೆಟ್ಟವರಲ್ಲ. ಕಾಕೂನ ತಲೆಗೆ ತಾವೇ ಎಣ್ಣೆ ಹಚ್ಚುವವರು. ಆದರೆ ಅವತ್ತು ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಕಾಕಾನನ್ನೂ ನನ್ನನ್ನೂ ಆಫೀಸಿಗೆ ಕರೆದರು.

"ಬಸ್ ಝಾಲಂ, ಸಾಕಾತು ಕಾಕಾ. ನಾ ಭಾಳ ತಡಕೊಂಡೇನಿ. ಇನ್ನೊಂದ ತಕರಾರ ಬಂತಂದ್ರ ನೀವು ಇಲ್ಲಿಂದ ಹೋಗ್ಬೇಕಾಗ್ತೈತಿ. ಕಾಕೂ ಇರ್ಲಿ, ಅವರನ್ನ ನಾವು ನೋಡ್ಕೋತೀವಿ."

ಇದನ್ನು ಅವರು ಮೆಲ್ಲಗೇ ಹೇಳಿದರು. ಆದರೂ ಕಾಕಾನಿಗೆ ಪೂರ್ತಿ ಕೇಳಿಸಿತು. ಹೊರಗೆ ಬಂದವನೇ ಟೈಂಟೇಬಲ್ಲಿನ ರಟ್ಟು ಬಿಚ್ಚಿ ಮಂಚದ ಕೆಳಗೆ ಇಟ್ಟ. ಪಾನಾ ಟ್ರಂಕಿಗೆ ಹೋಯಿತು. ಹತ್ತು ದಿನ ಆಶ್ರಮ ಎಷ್ಟು ಶಾಂತವಾಯಿತೆಂದರೆ, ಮಾಸ್ತರರು ನನ್ನ ಅಂಗಡಿಗೆ ಫೋನು ಮಾಡಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ಹನ್ನೊಂದನೇ ದಿನ ನನ್ನ ಅಂಗಡಿಯ ಟೇಲರ್ ಆಶ್ರಮದ ದಿಂಬಿನ ಚೀಲ ಹೊಲಿಯಲು ಕಾಲ್ಮಷಿನ್ ಒಯ್ದು ಪಡಸಾಲೆಯಲ್ಲಿ ಕೂತ. ಮಷಿನ್ ಕಟಕಟ ಎಂದಿತು. ಕಾಕೂನ ಮಡಿಲಲ್ಲಿ ಒಂದು ಬೆರಳು ಅಲುಗಿತು. ಗಾಳಿಯಲ್ಲಿ ನೂಲು ಸುತ್ತುವ ಹಾಗೆ, ಒಂದೇ ಸುತ್ತು. ಬೇರೆ ಯಾರೂ ನೋಡಲಿಲ್ಲ, ನೋಡಿದರೂ ನೊಣ ಓಡಿಸಿದಳು ಅಂದುಕೊಳ್ಳುತ್ತಿದ್ದರು. ಕಾಕಾ ನೋಡಿದ. ಅರ್ಧ ತಾಸಿನಲ್ಲಿ ಓಡೋಡಿ ನನ್ನ ಅಂಗಡಿಯಲ್ಲಿದ್ದ. ಗಿರಾಕಿಗಳೆದುರೇ ಗುಟ್ಟಾಗಿ, ಅಂದರೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ, ನಾಳೆಯೇ ಕಬನೂರಿಗೆ ಹೋಗಿ ಶೆಡ್ಡಿನ ಸದ್ದು ಫೋನಿನಲ್ಲಿ ತುಂಬಿಕೊಂಡು ಬಾ ಎಂದ. ಹೊಸ ಮಗ್ಗಗಳದ್ದು ಬೇಡ, ಅವು ಬರೀ ಉಸಿರಾಡುತ್ತವೆ, ಹಳೆಯವೇ ಬೇಕು. ಅದೂ ಕಾಂಡಿ ಸುತ್ತುವ ಮೂಲೆಯಲ್ಲೇ ನಿಂತು ತುಂಬಬೇಕು.

ಹೋದೆ, ಇನ್ನೇನು ಮಾಡಲಿ? ಫೋನು ಎತ್ತಿ ಹಿಡಿದು ಮೂಲೆಯಲ್ಲಿ ನಿಂತ ನನ್ನನ್ನು ನೋಡಿ ಶೆಡ್ಡಿನ ಮಾಲೀಕ ಯಾವುದೋ ಸರಕಾರಿ ತಪಾಸಣೆಯವನೆಂದು ತಿಳಿದು ತಂಪು ಪಾನೀಯ ತರಿಸಿದ. ಜಾಬರ್ ಕಾಕಾನ ಅಣ್ಣನ ಮಗ ಎಂದು ತಿಳಿದ ಮೇಲೆ ಅದನ್ನು ತಾನೇ ಕುಡಿದು ನನಗೆ ಚಹಾ ಹೇಳಿದ. ಒಂದು ತಾಸಿನ ಸದ್ದು ತುಂಬಿಕೊಂಡು ಮನೆಗೆ ಬಂದು, ಹಸಿವಾಗಿದೆ ಎಂದು ಹೆಂಡತಿಗೆ ಹೇಳಿದರೆ ಪಕ್ಕದ ಮನೆಯವರು ಊಟಕ್ಕೆ ಕರೆದರು.

ಆ ವಾರವೇ ಆಶ್ರಮಕ್ಕೆ ಟ್ರಸ್ಟಿಗಳು ಬರುವವರಿದ್ದರು. ಹನ್ನೆರಡಕ್ಕೆ ಎಲ್ಲರ ಊಟ, ಒಂದು ಗಂಟೆಗೆ ಏನಾದರೂ ಸಣ್ಣ ಕಾರ್ಯಕ್ರಮ. ಕಾಕಾ ತಾನಾಗಿಯೇ ಬಾಯಿಯ ಬಳಿ ಹೋಗಿ, ಶಾಂತ ಸಂಗೀತ ಹಚ್ಚುತ್ತೇನೆ, ಜನ ಕೂತಲ್ಲೇ ತೂಕಡಿಸಬೇಕು ಎಂದ. ಬಾಯಿ ನನ್ನ ಮುಖ ನೋಡಿದರು, ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಕಾಕಾ ಸುಳ್ಳು ಹೇಳಿರಲಿಲ್ಲ. ಆತ ಮಲಗಿದ್ದು, ಎದ್ದದ್ದು, ಸಂಸಾರ ಮಾಡಿದ್ದು ಎಲ್ಲ ಆ ಸದ್ದಿನಲ್ಲೇ. ಇಚಲಕರಂಜಿಯಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಮಲಗಿದ ಜನ ಗಾಬರಿಯಾಗಿ ಎದ್ದು ಕೂರುತ್ತಾರೆ. ಆ ದಿನ ಬೆಳಿಗ್ಗೆ ಕಾಕಾ ತನ್ನ ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟುಕೊಂಡದ್ದನ್ನು ಮಾತ್ರ ನಾನು ನೋಡಿದೆ.

ಒಂದು ಗಂಟೆ. ಟ್ರಸ್ಟಿಗಳು ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ, ಕೊಳಲಿಗೆ ಕಾಯುವ ಮುಖಮಾಡಿ ಕೂತರು. ಭಜನೆಯ ದೊಡ್ಡ ಸ್ಪೀಕರಿಗೆ ನಾನು ಫೋನು ಜೋಡಿಸಿದೆ. ಅಯ್ಯೋ ಅದೇನು ಸದ್ದು! ಖಟಾಕ್ ಖಟ್ ಖಟಾಕ್ ಖಟ್ ಎಂದು ಇಡೀ ಕಬನೂರೇ ಪಡಸಾಲೆಗೆ ನುಗ್ಗಿತು. ಒಬ್ಬ ಟ್ರಸ್ಟಿ ಎದ್ದು ನಿಂತರು, ಇನ್ನೊಬ್ಬರು ಕುರ್ಚಿಯ ಕೆಳಗೆ ಏನೋ ಬಿದ್ದಿತೆಂದು ಬಗ್ಗಿ ನೋಡಿದರು. ಬೇವಿನ ಮರದ ಕಾಗೆಗಳು ಹಾರಿಹೋದವು. ಅಕ್ಕಾತಾಯಿ ಎರಡೂ ಕಿವಿ ಮುಚ್ಚಿಕೊಂಡರು. ಮಾಸ್ತರರು ಮಾತ್ರ ತೊಡೆ ತಟ್ಟುತ್ತ, ತಾಳ ಚಲೋ ಐತಿ, ಹಾಡವರು ಯಾವಾಗ ಬರ್ತಾರ ಎಂದು ಕೂಗುತ್ತಿದ್ದರು. ಬಾಯಿ ಪ್ಲಗ್ಗು ಕೀಳಲು ಗೋಡೆಯ ಕಡೆ ಓಡಿದರು.

ಕಾಕೂನ ಬೆರಳು ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು. ಆಕೆ ತಲೆ ಎತ್ತಿದಳು. ಎದುರಿಗೆ ನಿಂತಿದ್ದ ಕಾಕಾನನ್ನು ಕಂಡಳು. ಬಲಗೈಯ ಐದೂ ಬೆರಳು ಮೆಲ್ಲಗೆ ಕೂಡಿದವು, ಬಾಯಿಗೆ ಮುಟ್ಟಿದವು, ಕೈ ಮಗುಚಿತು.

ಉಂಡೆಯಾ?

ಪ್ಲಗ್ಗಿನ ಮೇಲಿದ್ದ ಬಾಯಿಯ ಕೈ ಅಲ್ಲೇ ನಿಂತಿತು. ಅವರಿಗೆ ಆ ಕೈಮಾತು ಗೊತ್ತಿರಲಿಲ್ಲ, ಆದರೆ ಇಷ್ಟು ತಿಂಗಳಲ್ಲಿ ಆ ಕೈ ಎದ್ದದ್ದನ್ನು ಅವರು ನೋಡಿರಲೇ ಇಲ್ಲ. ಕಾಕಾ ಒಂದು ಗಂಟೆಯ ಹಿಂದಷ್ಟೇ ಮೂರು ರೊಟ್ಟಿ, ಎರಡು ಸಲ ಅನ್ನ ಉಂಡಿದ್ದ, ನಾನೇ ಸಾಕ್ಷಿ. ಆತ ಆಕೆಯ ಮುಖ ನೋಡುತ್ತ, ಇಲ್ಲ ಎಂದು ಕೈ ಅಲ್ಲಾಡಿಸಿದ. ಕಾಕೂ ಹಣೆ ಬಡಿದುಕೊಂಡಳು. ಅಡುಗೆಮನೆಯ ದಿಕ್ಕಿಗೆ ಬೆರಳು ಚಾಚಿದಳು. ಆಮೇಲೆ ಆಕಾಶಕ್ಕೆ ಕೈ ಮುಗಿದಳು. ಕಟ್ಟೆಯ ಮೇಲೆ ಸಾಲಾಗಿ ಕೂತು ನಾವು ನೋಡುತ್ತಿದ್ದ ಅದೇ ಬೈಗಳು! ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಹೋಗಿ ತಾಟು ತಂದು, ಆಕೆಯ ಎದುರಿಗೆ ನೆಲದ ಮೇಲೆ ಕೂತು, ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಊಟ ಪೂರ್ತಿ ಉಂಡ.

ಈಗ ಮಂಚದ ಕೆಳಗಿನ ರಟ್ಟು ಮತ್ತೆ ಗೋಡೆಗೆ ಬಂದಿದೆ. ಅದರ ಮೇಲೆ, ಮಧ್ಯಾಹ್ನ ಒಂದರಿಂದ ಒಂದೂಕಾಲು ಶೆಡ್ಡಿನ ಸದ್ದು ಎಂದು ಬಾಯಿಯೇ ತಮ್ಮ ಕೈಯಿಂದ ಬರೆದಿದ್ದಾರೆ. ಉಳಿದವರು ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಾರೆ. ಕಾಕಾನ ಹೊಟ್ಟೆ ಬಂದು ಅಂಗಿಯ ಗುಂಡಿಗಳು ಹಾರಿಹೋಗಿವೆ, ಡಾಕ್ಟರು ಬೈಯುತ್ತಿದ್ದಾರೆ.

ನಾನೊಂದು ದಿನ ಬುದ್ಧಿ ಹೇಳಲು ಹೋದೆ. ಹನ್ನೆರಡಕ್ಕೆ ಉಣ್ಣುವುದನ್ನು ಬಿಟ್ಟು ಕಾಕೂ ಕೇಳಿದ ಮೇಲೆ ಒಂದೇ ಸಲ ಉಣ್ಣಬಾರದೇ ಎಂದೆ. ಕಾಕಾ ಮೊದಲ ಸಲ ನಿಜವಾಗಿಯೂ ಮೆಲ್ಲಗೆ ಮಾತಾಡಿದ.

"ಒಮ್ಮೊಮ್ಮೆ ಆಕಿ ಕೇಳೂದಿಲ್ಲ ತಮ್ಮಾ. ಹಸಕೊಂಡ ಕುಂತಿದ್ನೆಂದ್ರ ಆಕಿ ಮ್ಯಾಲ ಸಿಟ್ಟ ಬರ್ತೈತಿ. ಹೊಟ್ಟಿ ತುಂಬಿದ್ರ ಬರೂದಿಲ್ಲ. ಕೇಳಿದ್ಲಂದ್ರ ಮತ್ತೊಮ್ಮಿ ಉಣ್ಣಾಕ ಎಷ್ಟೊತ್ತು?"

ಒಂದು ಗಂಟೆಯಾಯಿತು. ಸದ್ದು ಶುರುವಾಯಿತು. ಕಾಕೂನ ಬೆರಳು ಸುತ್ತಿತು, ಕೈ ಎದ್ದಿತು, ಕಾಕಾನನ್ನು ಕೇಳಿತು. ಆಮೇಲೆ ಆ ಕೈ ನಿಧಾನವಾಗಿ ನನ್ನ ಕಡೆ ತಿರುಗಿ, ನೀನು ಎಂದು ಕೇಳಿತು. ನಾನು ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಹೋಳಿಗೆ ಉಂಡು ಬಂದಿದ್ದೆ. ಇಲ್ಲ ಎಂದು ಕೈ ಅಲ್ಲಾಡಿಸಿ ಕಾಕಾನ ಪಕ್ಕದಲ್ಲಿ ಊಟಕ್ಕೆ ಕೂತೆ.